ಎರಡು ಗಾಡಿ ಬರೂದೈತ್ರಿ

"ಅಕ್ಕಾರ, ನೀವು ಬರಿಯೂ ಮಂದಿ. ಒಂದಿಲ್ಲೊಂದ ದಿನ ನನ್ನ ಮ್ಯಾಲೂ ಬರೀತೀರಿ ಅಂತ ನನಗ ಗೊತ್ತೈತಿ. ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಹೆಸರ ಮಾತ್ರ ಹಾಕಬ್ಯಾಡ್ರಿ. ನನ್ನ ಮಾತ ಕೇಳಿ ಬಸ್ ತಪ್ಪಿಸಿಕೊಂಡ ಮಂದಿ ಇನ್ನೂ ಜೀವಂತ ಅದಾರ."

ಹೀಗೆ ಹೇಳಿದವರು ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಕೊಟ್ಟ ಮಾತಿನಂತೆ ನಾನು ಹೆಸರು ಹಾಕುವುದಿಲ್ಲ. ಅವರಿಗೆ ಬೇರೊಂದು ಹೆಸರು ಎಲ್ಲಿ ಸಿಕ್ಕಿತು ಎನ್ನುವುದನ್ನು ಮಾತ್ರ ಕೊನೆಗೆ ಹೇಳುತ್ತೇನೆ.

ನನ್ನ ಮನೆ ಹಾನಗಲ್ಲಿನಲ್ಲಿ, ಕನ್ನಡ ಪಾಠ ಹೇಳುವ ಕಾಲೇಜು ಹಿರೇಕೆರೂರಿನಲ್ಲಿ. ಹೀಗಾಗಿ ನನ್ನ ಆಯುಷ್ಯದ ಒಂದು ದೊಡ್ಡ ಪಾಲು ಅವರ ಕಿಟಕಿಯ ಮುಂದೆ ಕಳೆಯಿತು. ಸಣ್ಣ ಕಿಟಕಿ, ಕಬ್ಬಿಣದ ಸರಳು, ಒಳಗೊಂದು ಮೈಕು, ಮೈಕಿನ ಹಿಂದೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ದುಂಡು ಮುಖ. "ತಿಳವಳ್ಳೀ, ಚಿಕ್ಕೇರೂರ, ಹಿರೇಕೆರೂರಽ" ಎಂದು ಅವರು ಎಳೆದರೆ ತೊಟ್ಟಿಲ ಕೂಸು ಮಲಗಬೇಕು. ಮಲಗಿದ್ದನ್ನು ನಾನೇ ನೋಡಿದ್ದೇನೆ. ಕೂಸಿನ ಜೊತೆಗೆ ತಾಯಿಯೂ ಮಲಗಿ, ಇಬ್ಬರದೂ ಬಸ್ಸು ತಪ್ಪಿತ್ತು.

ಯಾವ ಬಸ್ಸು ಎಂದು ಯಾರೇ ಕೇಳಲಿ, ಅವರ ಉತ್ತರ ಒಂದೇ: "ಬರ್ತೈತ್ರಿ." ಆದರೆ ಆ ಒಂದೇ ಮಾತಿಗೆ ಅವರ ಬಾಯಲ್ಲಿ ಒಂದು ವ್ಯಾಕರಣವೇ ಇತ್ತು. ಅವಸರದವರಿಗೆ ಚುಟುಕಾಗಿ "ಬರ್ತೈತ್ರಿ". ಅಳುಮೋರೆಯವರಿಗೆ ಎಳೆದು "ಬರ್ತೈತ್ರೀಽ". ಜಗಳಕ್ಕೆ ನಿಂತವರಿಗೆ 'ರಿ' ಕಿತ್ತುಹಾಕಿ ಬರೀ "ಬರ್ತೈತಿ". ಒಮ್ಮೆ ನಾನು ಪರೀಕ್ಷೆಯ ದಿನ ಸಿಟ್ಟು ತಾಳದೆ, "ಎಲ್ಲಿಂದ ಬರ್ತೈತ್ರಿ? ಆಕಾಶದಿಂದ ಇಳೀತೈತೇನು?" ಎಂದು ಹಾರಾಡಿದೆ. ಅವರು ಕಿಟಕಿಯಿಂದ ಮೇಲೆ ನೋಡಿ, "ಮೋಡ ಹಾಕೇತ್ರಿ, ಅದಕ್ಕ ತಡ ಆಗೇತಿ" ಎಂದರು. ಅಂಥವರ ಜೊತೆ ಜಗಳ ಆಡುವುದಾದರೂ ಹೇಗೆ?

ಇಡೀ ತಾಲ್ಲೂಕನ್ನು ಕಾಯಿಸುತ್ತಿದ್ದ ಈ ಮನುಷ್ಯ ತಾವೂ ಒಂದಕ್ಕೆ ಕಾಯುತ್ತಿದ್ದಾರೆ ಎಂದು ಗೊತ್ತಾದದ್ದು ಒಂದು ಪದದಿಂದ.

"ಅಕ್ಕಾರ, ಡಂಜನ್ ಅನ್ನೂದಕ್ಕ ಕನ್ನಡದಾಗ ಏನಂತಾರ್ರಿ?"

ನೆಲಮಾಳಿಗೆ ಎಂದೆ. ಮುಖ ಸಿಂಡರಿಸಿದರು. ಕಾರಾಗೃಹ ಎಂದೆ. ಇನ್ನಷ್ಟು ಸಿಂಡರಿಸಿದರು.

"ಅಲ್ರಿ, ಅದರಾಗ ಇಳೀಬೇಕು, ಒಳಗ ಕತ್ತಲಿ ಇರಬೇಕು, ಬೆಲೆಬಾಳೂದೇನರ ಇರಬೇಕು, ಇಳದಾಂವ ಸಾಯೂ ಹೆದರಿಕಿ ಇರಬೇಕು."

"ಹಂಗಾರ ಹಗೇವು ಅನ್ರಿ," ಎಂದೆ. ನೆಲದಲ್ಲಿ ತೋಡಿ ಜೋಳ ತುಂಬಿಡುವ ಆಳದ ಕಣಜ ಅದು. ನಮ್ಮ ಕಡೆ ಹಳೆಯ ಮನೆಗಳ ಮುಂದೆ ಈಗಲೂ ಒಂದೊಂದು ಕಾಣುತ್ತದೆ. ಅವರ ಮುಖ ಅರಳಿತು. "ಬರೋಬ್ಬರಿ! ಹಗೇವು!" ಎಂದು ಮೈಕಿನಲ್ಲೇ ಅಂದುಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿದ್ದ ಮಂದಿ ಹಗೇವು ಯಾವ ಊರ ಮೇಲೆ ಹೋಗುತ್ತದೆ ಎಂದು ಕೇಳಿಕೊಂಡು ಬಂದರು.

ಆಗ ತಿಳಿದದ್ದು ಇಷ್ಟು. ಅವರು ವಯಸ್ಸಿನಲ್ಲಿದ್ದಾಗ, ಕಂಪ್ಯೂಟರು ಹೊಸದಾಗಿ ಬಂದ ಕಾಲದಲ್ಲಿ, ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲವು ದಿನ ಕೆಲಸ ಮಾಡಿದ್ದರು. ಯಂತ್ರ ಕೂಡಿಸಲು ಬಂದವನೊಬ್ಬ ಅದರಲ್ಲಿ ಒಂದು ಆಟ ಬಿಟ್ಟುಹೋಗಿದ್ದ. ಕಪ್ಪು ತೆರೆ, ಬಿಳಿ ಗೆರೆಯ ಗೋಡೆ, ಉಳಿದದ್ದೆಲ್ಲ ಓದಿ ಊಹಿಸಿಕೊಳ್ಳಬೇಕು. ನಾಲ್ಕಾರು ಮಂದಿಯ ಒಂದು ತಂಡ, ಆಟದ ಭಾಷೆಯಲ್ಲಿ ಪಾರ್ಟಿ, ಕಟ್ಟಿಕೊಂಡು ಹಗೇವಿಗೆ ಇಳಿಯುವುದು, ಭೂತ-ಬೇತಾಳಗಳ ಜೊತೆ ಹೊಡೆದಾಡುವುದು, ದಾರಿಯ ನಕ್ಷೆ ತಾವೇ ಬರೆದುಕೊಳ್ಳುವುದು. ಬುತ್ತಿ ಉಣ್ಣುವ ಹೊತ್ತಿನಲ್ಲಿ ಇಳಿದೂ ಇಳಿದೂ ಅವರು ಕಡೆಯ ಬಾಗಿಲಿನವರೆಗೆ ಹೋಗಿದ್ದರು. ಮರುದಿನ ಬಂದು ನೋಡಿದರೆ ಯಂತ್ರವನ್ನೇ ಟೆಂಪೋದಲ್ಲಿ ಹೇರಿಕೊಂಡು ಹೋಗಿದ್ದರು. ಬಾಗಿಲ ಹಿಂದೆ ಏನಿತ್ತು ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ಈಗಿನ ಆಟಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಬರೇ ಬಾಣದ ಗುರ್ತ ತೋರಸ್ತಾವ್ರಿ. ಇಲ್ಲಿ ಹೋಗು, ಅಲ್ಲಿ ಹೋಗು ಅಂತ. ಕಂಟ್ರೋಲರ್‌ಗ ದಾರಿ ಹೇಳಾಕ ಇವು ಯಾವ್ರಿ?" ಅಷ್ಟರಲ್ಲಿ ಎಲ್ಲೋ ದೂರದ ಚಳಿದೇಶದಲ್ಲಿ ಒಬ್ಬನೇ ಒಬ್ಬ, ಕಂಪನಿ ಇಲ್ಲ, ಜೊತೆಗಾರರಿಲ್ಲ, ಅದೇ ಹಳೆಯ ಪದ್ಧತಿಯ ಹಗೇವಿನ ಆಟವನ್ನು ಹೊಸದಾಗಿ ಕಟ್ಟುತ್ತಿದ್ದಾನೆ ಎಂದು ಅವರಿಗೆ ಗೊತ್ತಾಯಿತು. ಆತ ಇಂಟರ್‌ನೆಟ್ಟಿನ ತನ್ನ ಪುಟದಲ್ಲಿ "ಈ ವರ್ಷ ಬರುತ್ತದೆ" ಎಂದು ಬರೆಯುತ್ತಿದ್ದ. ಮುಂದಿನ ವರ್ಷವೂ ಅದನ್ನೇ ಬರೆಯುತ್ತಿದ್ದ. ಇವರು ಅವನನ್ನು ನೋಡದೆಯೇ ಹಚ್ಚಿಕೊಂಡುಬಿಟ್ಟರು. ಕಸುಬು ಒಂದೇ ಅಲ್ಲವೇ.

ಇದೆಲ್ಲ ನಗುವ ಮಾತು. ನಗು ಬಾರದ ಒಂದು ಮಾತೂ ಇತ್ತು. ಅವರ ಕಣ್ಣಿನ ನರ ಒಣಗುತ್ತಾ ಬಂದಿತ್ತು. ಔಷಧಿ ಹಾಕಿದರೆ ಕುರುಡು ತಡವಾದೀತು, ನಿಲ್ಲುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ನೋಟ ಅಂಚಿನಿಂದ ಸಣ್ಣದಾಗುವ ಜಡ್ಡು ಅದು. ಮೊದಲು ಲೋಕ ಜರಡಿಯಷ್ಟು ಅಗಲ ಕಾಣುತ್ತಿತ್ತಂತೆ, ಆಮೇಲೆ ಬಳೆಯಷ್ಟು. ಇದನ್ನು ನನಗೆ ಹೇಳಿದ ದಿನ ಅವರೇ ತಿರುಗಿ ಸಮಾಧಾನ ಹೇಳಿದರು.

"ಎರಡ ಗಾಡಿ ಬರೂದೈತ್ರಿ ಅಕ್ಕಾರ. ಒಂದು ಆಟ, ಒಂದು ಕತ್ತಲಿ. ಯಾವುದು ಮೊದಲ ಬರ್ತೈತಿ ನೋಡೂಣು."

ಆಟದಲ್ಲಿ ನಕ್ಷೆ ಇರುವುದಿಲ್ಲ, ಆಡುವವರೇ ಬರೆದುಕೊಳ್ಳಬೇಕು ಎಂದು ಆ ಚಳಿದೇಶದವನು ಪ್ರಕಟಿಸಿದ ಮೇಲೆ ಇವರು ತಾಲೀಮು ಶುರು ಮಾಡಿದರು. ರಜೆ ಇದ್ದ ದಿನ ಗ್ರಾಫ್ ಹಾಳೆ ಹಿಡಿದು ಬಂಕಾಪುರದ ಮೇಲೆ ಸವಣೂರಿಗೆ ಹೋಗುವುದು. ಹಾನಗಲ್ಲು ಯಾಕಾಗದು ಎಂದರೆ, ಅಲ್ಲಿ ಎಲ್ಲರೂ ಗುರುತಿನವರು, ಹಗೇವಿನಲ್ಲಿ ಯಾರೂ ಚಹಾಕ್ಕೆ ಕರೆಯುವುದಿಲ್ಲವಲ್ಲ. ಸವಣೂರಿನ ಹಳೆಯ ಓಣಿಗಳಲ್ಲಿ ಒಂದು ಕೈ ಗೋಡೆಗೆ ಹಚ್ಚಿ, ಕಣ್ಣು ಅರೆಮುಚ್ಚಿ, ಹೆಜ್ಜೆ ಎಣಿಸುತ್ತಾ ನಡೆಯುವುದು, ತಿರುವು ಬಂದಲ್ಲಿ ನಿಂತು ಗೆರೆ ಎಳೆಯುವುದು. ನಾಯಿ ಇದ್ದ ಕಡೆ ಕೆಂಪು ಚುಕ್ಕೆ.

ಒಂದು ಓಣಿ ಮುಗಿಯುವುದರೊಳಗೆ ಸವಣೂರಿನ ಪೇಟೆಗೆಲ್ಲ ಸುದ್ದಿ ಹಬ್ಬಿತು: ರಸ್ತೆ ಅಗಲ ಮಾಡಲು ಅಳತೆಗೆ ಬಂದಿದ್ದಾರೆ! ಖಾಕಿ ಅಂಗಿ, ಕೈಯಲ್ಲಿ ಚೌಕಳಿ ಹಾಳೆ, ಗೋಡೆ ಗೋಡೆ ಮುಟ್ಟಿ ಅಳೆಯುತ್ತಿದ್ದಾರೆ, ಇನ್ನೇನು ಬೇಕು? ಖಾರಾ-ಚೂಡಾ ಮಾರುವ ಅಂಗಡಿಯವರೊಬ್ಬರು ಓಡಿ ಬಂದು ಕೈಮುಗಿದರಂತೆ.

"ಸಾಹೇಬ್ರ, ನಮ್ಮ ಕಟ್ಟಿ ಒಂದ ಬಿಡ್ರಿ. ನಮ್ಮ ಮುತ್ತ್ಯಾ ಕಟ್ಟಿಸಿದ್ದು."

"ನಾ ಏನೂ ಒಡಿಯೂದಿಲ್ರಿ. ನಾ ಹಗೇವಿಗೆ ಇಳಿಯಾಂವ."

"ಹಗೇವೂ ಮುಚ್ಚಸ್ತೀರೇನ್ರಿ?"

ಇವರು ಬೇಡ ಬೇಡ ಎಂದಷ್ಟೂ ಅವರಿಗೆ ಸಂಶಯ ಹೆಚ್ಚಾಯಿತು. ಸಂಜೆಯ ಬಸ್ಸಿಗೆ ಹಾನಗಲ್ಲಿನಲ್ಲಿ ಇಳಿದಾಗ ಇವರ ಎರಡೂ ಕೈಯಲ್ಲಿ ಸವಣೂರಿನ ಖಾರಾದ ಪೊಟ್ಟಣ, ಬಗಲಲ್ಲಿ ವೀಳ್ಯದೆಲೆಯ ಕಟ್ಟು. ನನಗೂ ಒಂದು ಪೊಟ್ಟಣ ಬಂತು. ಲಂಚದ ಖಾರಾ ತಿನ್ನಬಾರದು ಎನ್ನಿಸಿತು, ಆದರೆ ಅದು ಬಹಳ ಚೆನ್ನಾಗಿತ್ತು.

ಅವರ ಹೆಂಡತಿಯನ್ನು ನಾವೆಲ್ಲ ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆವು. ವೈನಿಗೆ ಆಟದ ಮೇಲೆ ಸವತಿಯ ಮೇಲಿರುವಂಥ ಸಿಟ್ಟು. "ನಾ ಆಷಾಢಕ್ಕ ತವರಮನಿಗೆ ಹೋದಾಗ ಒಂದ ದಿನಾನೂ ನನ್ನ ದಾರಿ ನೋಡಲಿಲ್ರಿ ಇವ್ರು. ಅದರ ದಾರಿ ನೋಡ್ರಿ ಹೆಂಗ ಕಾಯ್ತಾರ!" ಆದರೆ ಆ ಪುಟದಲ್ಲಿ ಹೊಸ ಸುದ್ದಿ ಏನಾದರೂ ಬಂದಿದೆಯೇ ಎಂದು ದಿನಾ ಬೆಳಿಗ್ಗೆ ಗಂಡನಿಗಿಂತ ಮೊದಲು ನೋಡುತ್ತಿದ್ದವರೂ ಅವರೇ. ಕೆಟ್ಟ ಸುದ್ದಿ ಇದ್ದ ದಿನ ಉಪ್ಪಿಟ್ಟಿಗೆ ಗೋಡಂಬಿ ಬೀಳುತ್ತಿತ್ತು.

ಇನ್ನು ದೊಡ್ಡ ಗದ್ದಲದ ಕತೆ. ಅದಕ್ಕೆ ಕಾರಣ ನಮ್ಮ ಭಾಷೆಯ ಎರಡೇ ಪದ, ಬಿಡುಗಡೆ ಮತ್ತು ಪಾರ್ಟಿ.

ಬಸ್ ಸ್ಟ್ಯಾಂಡಿನ ಗಿರ್ಮಿಟ್ ಅಂಗಡಿ ಶಾಂತವ್ವನದು. ಒಂದು ದಿನ ಇವರು ಅಲ್ಲಿ ಜೋಲುಮೋರೆ ಹಾಕಿಕೊಂಡು ಕುಳಿತು, "ಬಿಡುಗಡಿ ಮತ್ತ ಮುಂದಕ್ಕ ಹೋತು ಶಾಂತವ್ವ" ಎಂದರು. ಶಾಂತವ್ವ ಲೊಚಗುಟ್ಟಿದಳು. "ಬಿಡುಗಡಿ ಆದ ಕೂಡ್ಲೇ ಪಾರ್ಟಿ ಕಟ್ಟೂದು. ಐದ ಮಂದಿ ಸಾಕು. ನಿನ್ನೂ ತಗೋತೇನಿ" ಎಂದೂ ಸೇರಿಸಿದರು. ಪಕ್ಕದ ಬೆಂಚಿನಲ್ಲಿ ಮಿರ್ಚಿ ತಿನ್ನುತ್ತಿದ್ದವರು ಯಾರೋ ಇದನ್ನು ಕೇಳಿಸಿಕೊಂಡರು. ಜಿಲ್ಲಾ ಪಂಚಾಯ್ತಿ ಇಲೆಕ್ಷನ್ ಹತ್ತಿರ ಬಂದಿದ್ದ ಸಮಯ. ಯಾರೋ ದೊಡ್ಡ ನಾಯಕರು ಜೈಲಿನಲ್ಲಿದ್ದಾರೆ, ಹೊರಬಂದ ಕೂಡಲೇ ಹೊಸ ಪಕ್ಷ, ಹಾನಗಲ್ಲಿನ ಕಂಟ್ರೋಲರ್ ಅವರ ಬಲಗೈ ಎಂದು ಮಾತು ಹೊರಟು ಶಿಗ್ಗಾಂವಿ ಮುಟ್ಟಿತು. ನಮ್ಮ ಬಸ್ಸುಗಳು ಅಷ್ಟು ಬೇಗ ಶಿಗ್ಗಾಂವಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಶಿಗ್ಗಾಂವಿ ಕಡೆಯ ಒಬ್ಬ ಲೀಡರ್ ಸಾಹೇಬರು ಯಾವ ಪಕ್ಷದಲ್ಲೂ ಟಿಕೆಟ್ ಸಿಗದೆ ಚಡಪಡಿಸುತ್ತಿದ್ದರು. ಶಾಲು, ಮೋಸಂಬಿ ಹಿಡಿದುಕೊಂಡು ಜೀಪಿನಲ್ಲಿ ಇವರ ಮನೆಗೇ ಬಂದುಬಿಟ್ಟರು. ಆ ದಿನ ನಾನು ವೈನಿಯ ಜೊತೆ ಒಳಗಿದ್ದೆ. ಎಲ್ಲ ನನ್ನ ಕಿವಿಯಾರೆ ಕೇಳಿದ್ದು.

"ಬಿಡುಗಡಿ ಯಾವಾಗ್ರಿ?" ಲೀಡರ್ ದನಿ ತಗ್ಗಿಸಿ ಕೇಳಿದರು.

ಆಟದ ಸುದ್ದಿ ಶಿಗ್ಗಾಂವಿಯವರೆಗೂ ಹೋಗಿದೆಯಲ್ಲ ಎಂದು ಇವರಿಗೆ ಆನಂದ. "ದೀಪಾವಳಿ ಅಂದಾರ್ರಿ. ನನಗ ಭರವಸಿ ಇಲ್ಲ."

"ಒಳಗ ಒಬ್ರ ಅದಾರೇನು?"

"ಒಬ್ಬಾಂವ ರೀ. ಖೋಲಿ ಬಿಟ್ಟು ಹೊರಗ ಬಂದಿಲ್ಲ. ಹೊತ್ತಿಗೆ ಸರಿ ಊಟಾನೂ ಇಲ್ಲ, ಬರೇ ಬ್ರೆಡ್ಡು."

"ಛೇ ಛೇ. ಪಾರ್ಟಿಯೊಳಗ ಯಾರ‍್ಯಾರನ್ನ ತಗೋತೀರಿ?"

"ಹೊಡದಾಡಾವ್ರು ಒಬ್ರು. ಪೂಜಾರಿ ಒಬ್ರು. ಮಾಟ-ಮಂತ್ರಾ ಮಾಡಾವ್ರು ಒಬ್ರು. ದಾರಿ ತೋರಸಾಂವ ನಾನ. ಮತ್ತ ಕಳ್ಳ ಒಬ್ಬಾಂವ."

ಲೀಡರ್ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. "ಕಳ್ಳ ಬೇಕಾ ಬೇಕೇನ್ರಿ?"

"ಬೇಕಾ ಬೇಕ್ರಿ. ಕಳ್ಳ ಇಲ್ಲದ ಪಾರ್ಟಿ ಮುಂದ ಹೋಗೂದಿಲ್ಲ."

ಲೀಡರ್ ಸಾಹೇಬರು ದೊಡ್ಡದೊಂದು ಉಸಿರು ಬಿಟ್ಟರು. "ಇಷ್ಟ ವರ್ಷ ರಾಜಕಾರಣ ಮಾಡೇನಿ. ಇದನ್ನ ಬಾಯಿಬಿಟ್ಟ ಹೇಳಿದಾವ್ರು ನೀವ ಮೊದಲ್ರಿ."

ಒಳಗೆ ವೈನಿ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಇನ್ನು ತಾಳಲಾರದೆ ಚಹಾದ ತಾಟು ಹಿಡಿದು ಹೊರಗೆ ಹೋಗಿ, "ಅದು ಕಂಪ್ಯೂಟರಿನ ಆಟ ರೀ ಅಣ್ಣಾರ" ಎಂದರು. ಲೀಡರ್ ಸಾಹೇಬರು ಅವರನ್ನೂ ಇವರನ್ನೂ ನೋಡಿ, ಹೊದಿಸಲು ತೆರೆದಿದ್ದ ಶಾಲನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಮೋಸಂಬಿ ಮಾತ್ರ ಬಿಟ್ಟರು. ಹೊಸ್ತಿಲು ದಾಟುವಾಗ ಏನು ಅನ್ನಿಸಿತೋ, ತಿರುಗಿ ನಿಂತರು.

"ಅದರಾಗರ ನನಗೊಂದ ಟಿಕೆಟ್ ಕೊಡ್ರಿ. ಹೊಡದಾಡಾಂವ ಅಂತ ಹಾಕ್ರಿ."

"ಆ ಜಾಗಾ ನಮ್ಮಾಕಿಗೆ ಹೋಗೇತ್ರಿ," ಎಂದರು ಇವರು, ನಿಜವಾದ ಸಂಕೋಚದಿಂದ. "ಪೂಜಾರಿ ಅಕ್ಕಾರು. ಮಾಟ ಶಾಂತವ್ವಂದು. ಇನ್ನ ಒಂದ ಜಾಗಾ ಖಾಲಿ ಐತಿ..."

ಲೀಡರ್ ಸಾಹೇಬರು ಆ ಜಾಗವನ್ನೇ ಒಪ್ಪಿಕೊಂಡು ಹೋದರು. ಹೀಗೆ ನಮ್ಮ ಪಾರ್ಟಿ ಕಟ್ಟಿತು.

ದೀಪಾವಳಿಗೆ ಆಟ ಬರಲಿಲ್ಲ. ಯುಗಾದಿಗೂ ಇಲ್ಲ. ಇವರು ನಿವೃತ್ತರಾದರು, ಮೈಕು ಬೇರೆಯವರ ಕೈಗೆ ಹೋಯಿತು. ನೋಟದ ಬಳೆ ಉಂಗುರವಾಗತೊಡಗಿತು. ನನಗೆ ಆ ಚಳಿದೇಶದವನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಇಲ್ಲೊಬ್ಬರು ಕಣ್ಣು ಹಿಡಿದುಕೊಂಡು ಕೂತಿದ್ದಾರೆ, ನಿನಗೇನು ಬೇನೆ ಎಂದು ಬರೆಯಬೇಕು ಎನ್ನಿಸುತ್ತಿತ್ತು. ಅವನ ಪುಟದ ಕೆಳಗೆ ಜಗತ್ತಿನ ಮಂದಿಯೆಲ್ಲ ಹಾಗೇ ಬೈದು ಬರೆಯುತ್ತಿದ್ದರು, ಮೋಸಗಾರ, ಸೋಮಾರಿ ಎಂದು. ಇವರು ಅವರ ನಡುವೆ ತಮ್ಮದೂ ಒಂದು ಬರೆದು, ಹಾಕುವ ಮೊದಲು ನನಗೆ ತೋರಿಸಿದರು. ಬಸ್ ಸ್ಟ್ಯಾಂಡಿನ ಇಂಗ್ಲಿಷು. ಅದರ ಅರ್ಥ ಇಷ್ಟು: ಸ್ವಾಮಿ, ನಾನು ಬಸ್ ಕಂಟ್ರೋಲರ್. ತಡವಾದರೆ ಚಿಂತೆಯಿಲ್ಲ, ರದ್ದು ಮಾಡಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕೆಳಗೆ, ಹೆಸರು ಬರೆಯುವ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ 'ಬರ್ತೈತ್ರಿ'.

"ಕಣ್ಣಿನ ವಿಷಯ ಯಾಕ ಬರೀಲಿಲ್ರಿ?" ಎಂದು ಕೇಳಿದೆ.

"ಡ್ರೈವರ್‌ಗ ಅವಸರ ಮಾಡಬಾರದ್ರಿ ಅಕ್ಕಾರ. ಗಾಡಿ ಗಟಾರಕ್ಕ ಇಳಿತೈತಿ."

ಉತ್ತರವಾಗಿ ಒಂದು ಕೆಂಪು ಹೃದಯದ ಗುರುತು ಬಂತು. ಅದನ್ನು ಅವರು ಬಂದವರಿಗೆಲ್ಲ ತೋರಿಸಿದರು.

ಹಿರೇಕೆರೂರಿನ ಬಸ್ಸುಗಳಿಗೆ ಒಂದು ಗುಣವಿದೆ. ಬಾರದಿದ್ದರೆ ಒಂದೂ ಇಲ್ಲ, ಬಂದರೆ ಎರಡು ಕೂಡಿಯೇ ಬರುತ್ತವೆ. ಅವರ ಎರಡು ಗಾಡಿಗಳೂ ಹಾಗೇ ಬಂದವು. ಆಟ ಬಿಡುಗಡೆಯಾದ ದಿನ ಅವರಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಉಂಗುರದಷ್ಟು ಬೆಳಕು ಉಳಿದಿತ್ತು. ನಾನು ರಜೆ ಹಾಕಿ ಅವರ ಮನೆಗೆ ಹೋದೆ. ಶಾಂತವ್ವ ಬಾಣಲೆ ಇಳಿಸಿ ಬಂದಳು. ಲೀಡರ್ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ನಮ್ಮ ಕಂಟ್ರೋಲರ್ ನಡುವೆ ಕುಳಿತು ಉಂಗುರದಿಂದ ತೆರೆಯನ್ನು ನೋಡಿದರು, ಅಕ್ಷರದ ಚೂರು, ಗೋಡೆಯ ಚೂರು, ಅಷ್ಟೇ. "ಏನೂ ತಿಳಿವಲ್ದು" ಎಂದು ನಕ್ಕರು. ನಾನು ತೆರೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದತೊಡಗಿದೆ.

ಆಮೇಲೆ ಹೊಸ ಪದ್ಧತಿ ಶುರುವಾಯಿತು. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವುದು, ವೈನಿ ಕೀಲಿ ಒತ್ತುವುದು, ಅವರು ಕಣ್ಣು ಮುಚ್ಚಿ ತಲೆಯೊಳಗೆ ನಕ್ಷೆ ಬರೆಯುವುದು. ಸವಣೂರಿನ ತಾಲೀಮು ಈಗ ಕೆಲಸಕ್ಕೆ ಬಂತು. ಹಗೇವಿನ ಬಾಯಿಗೆ ಬಂದಾಗ ಶಾಂತವ್ವ ಅಡ್ಡ ನಿಂತಳು.

"ತಡೀರಿ. ಹಗೇವಿಗೆ ಹಂಗ ಇಳಿಬಾರದು, ಕೆಟ್ಟ ಗಾಳಿ ಇರತೈತಿ. ಮೊದಲ ದೀಪ ಇಳಿಬಿಡ್ರಿ."

ದೀಪ ಇಳಿಬಿಟ್ಟೆವು. ದೀಪ ಕೆಳಗೆ ಹೋಯಿತು, ನಾವು ಮೇಲೆ ಕತ್ತಲೆಯಲ್ಲಿ ಉಳಿದೆವು, ಕತ್ತಲೆಯಲ್ಲಿ ಬಂದ ಇಲಿಗಳು ಲೀಡರ್ ಸಾಹೇಬರನ್ನು ತಿಂದುಹಾಕಿದವು.

"ಡಿಪಾಜಿಟ್ಟೂ ಹೋತು," ಎಂದರು ಲೀಡರ್.

ನಾನು ಪೂಜಾರಿ, ಮಂತ್ರ ಹಾಕಿ ಅವರನ್ನು ಎಬ್ಬಿಸಿದೆ. ಹೀಗೇ ಸಾಯುತ್ತಾ ಏಳುತ್ತಾ ಸಂಜೆಯ ಹೊತ್ತಿಗೆ ಒಂದು ಪಟ್ಟಣ ಮುಟ್ಟಿದೆವು. ಪಟ್ಟಣದ ನಡುವೆ ಒಂದು ಮರ, ಮರದ ಕೆಳಗೆ ದೂರದ ಊರುಗಳಿಗೆ ಗಾಡಿ ಹೊರಡುವ ಕಟ್ಟೆ, ಅಲ್ಲೊಬ್ಬ ಪುಟ್ಟ ಮುದುಕ ಕುಳಿತಿದ್ದ. ನಾನು ಅವನ ತಲೆಯ ಮೇಲಿದ್ದ ಹೆಸರು ಓದಿದೆ.

"ಬಾರ್‌ಟೈಟ್ರಿ. ಯಾವುದೋ ರಾಕ್ಷಸರ ಕುಲದ ಹೆಸರಿರಬೇಕ್ರಿ. ಗಾಡಿ ಯಾವಾಗ ಬರತೈತಿ ಅಂತ ಮಂದಿ ಅವನ್ನ ಕೇಳಾಕತ್ತಾರ. ಆಂವ ಹೇಳಾಕತ್ತಾನ, ತಡ ಆದ್ರ ಚಿಂತಿಲ್ಲ, ಹೊತ್ತಿಗೆ ಸರಿ ಊಟಾ ಮಾಡ್ರಿ ಅಂತ."

ಅವರು ಕಣ್ಣು ತೆರೆದರು. "ಅಕ್ಕಾರ, ಹೆಸರ ಇನ್ನೊಮ್ಮೆ ಓದ್ರಿ. ಒಂದೊಂದ ಅಕ್ಷರಾ."

ನಾನು ಒಂದೊಂದಾಗಿ ಓದಿದೆ. ಬಿ, ಎ, ಆರ್, ಟಿ. ಅರ್ಧಕ್ಕೆ ಬರುವಷ್ಟರಲ್ಲಿ ವೈನಿ ಕುರ್ಚಿಯಿಂದ ಎದ್ದು ನಿಂತಿದ್ದರು. "ಅಯ್ಯ ಶಿವನ! ಬರ್ತೈತ್ರಿ! ಇದು ನೀವ ಅಲ್ರಿ!" ಎಂ.ಎ. ಓದಿದ ಕನ್ನಡ ಪಂಡಿತೆ ನಾನು, ಕನ್ನಡವನ್ನೇ ರಾಕ್ಷಸ ಭಾಷೆ ಮಾಡಿದ್ದೆ. ಆ ಚಳಿದೇಶದವನು ಸಹಿಯ ಜಾಗದಲ್ಲಿ ಕಂಡದ್ದೇ ಇವರ ಹೆಸರು ಎಂದು ತಿಳಿದು, ತನಗೆ ಬೈಯದೆ ಊಟ ಮಾಡು ಎಂದ ಒಬ್ಬರನ್ನು ತಾನು ಕಟ್ಟಿದ ಊರಿನಲ್ಲಿ ಕೂಡಿಸಿದ್ದ.

ಅವರು ಎದ್ದು ಮೂಗು ತೆರೆಗೆ ತಾಗುವಷ್ಟು ಹತ್ತಿರ ಹೋದರು. ತಲೆಯನ್ನು ಆಚೆ ಈಚೆ ಸರಿಸುತ್ತಾ ಹುಡುಕಿದರು. ಆ ತೆರೆಯ ಮೇಲಿನ ಬಾಗಿಲು, ಗೋಡೆ, ಬೇತಾಳ, ಯಾವುದೂ ಅವರ ಉಂಗುರದಲ್ಲಿ ಹಿಡಿಸಿರಲಿಲ್ಲ. ಆ ಮುದುಕ ಮಾತ್ರ ಜೋಳದ ಕಾಳಿನಷ್ಟಿದ್ದ, ಪೂರಾ ಹಿಡಿಸಿದ. ಅವರು ಬಹಳ ಹೊತ್ತು ನೋಡಿದರು.

"ಗಡ್ಡ ಯಾಕ ಬಿಟ್ಟೇನಿ?" ಎಂದು ಕೇಳಿದರು.

"ಕಾದು ಕಾದು ಬಂದಿರಬೇಕ ತಗೋರಿ," ಎಂದು ವೈನಿ ಕಣ್ಣೊರೆಸಿಕೊಂಡರು.

ಮಳೆಗಾಲ ಬರುವಷ್ಟರಲ್ಲಿ ಉಂಗುರವೂ ಮುಚ್ಚಿತು. ಆಟ ನಿಲ್ಲಲಿಲ್ಲ, ಭಾನುವಾರ ಭಾನುವಾರ ನಾವು ಐವರೂ ಇಳಿಯುತ್ತಿದ್ದೆವು. ಕಡೆಯ ಬಾಗಿಲು ತೆರೆದಾಗ ಒಳಗೆ ಏನಿತ್ತು ಎಂದು ನಾನು ಓದಿ ಹೇಳಿದೆ, ಅವರು ಅಷ್ಟು ಮನಸ್ಸಿಟ್ಟು ಕೇಳಲಿಲ್ಲ. "ಇರ್ಲಿ ಬಿಡ್ರಿ. ಗಾಡಿಕಟ್ಟಿಗೆ ಹೋಗೂಣು ನಡೀರಿ. ಮಂದಿ ಕಾಯಾಕತ್ತಿರ್ತಾರ" ಎಂದರು.

ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಹಾಕಿಲ್ಲ. ಬೇಕೇ ಬೇಕು ಎನ್ನುವವರು ಆ ಪಟ್ಟಣಕ್ಕೆ ಹೋಗಿ, ಮರದ ಕೆಳಗೆ ಕುಳಿತವರ ತಲೆಯ ಮೇಲೆ ಓದಿಕೊಳ್ಳಬಹುದು. ಆದರೆ ಹಾನಗಲ್ಲಿನವರ ಹಾಗೆ ಓದಿ, ನನ್ನ ಹಾಗಲ್ಲ.